ಹಲಸೂರು ಕೆರೆಯ ಹೂಳನ್ನು ಒಮ್ಮೆ ಜರಡಿ ಹಿಡಿಯಿರಿ

ಬೆಂಗಳೂರಿನ ಕೆರೆಗಳ ನೀರನ್ನು ತಿಂಗಳು ತಿಂಗಳೂ ಪರೀಕ್ಷೆ ಮಾಡುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ ಕರಗಿದ ಆಮ್ಲಜನಕ, ಬಿಒಡಿ, ಅಮೋನಿಯಾ, ಕೋಲಿಫಾರ್ಮ್ ಅಳೆಯುತ್ತಾರೆ. ಕೊನೆಗೆ ಎ ಇಂದ ಇ ವರೆಗಿನ ಒಂದು ಅಕ್ಷರ ಕೊಡುತ್ತಾರೆ. ನಮ್ಮ ಕೆರೆಗಳ ಪಾಲಿಗೆ ಬಹುಮಟ್ಟಿಗೆ ಬರುವುದು ಡಿ, ಇಲ್ಲವೇ ಇ. ಡಿ ಬಂದರೆ ಮೀನು, ಹಕ್ಕಿಗಳಿಗೆ ಆದೀತು. ಇ ಬಂದರೆ ಗದ್ದೆ ತೋಟಕ್ಕೆ ಹರಿಸಬಹುದು. ಈ ತಿಂಗಳು ಡಿ, ಬರುವ ತಿಂಗಳು ಇ, ಒಂದು ಒಳ್ಳೆ ಮಳೆ ಬಿದ್ದರೆ ಮತ್ತೆ ಡಿ. ಹಲಸೂರು ಕೆರೆ ಹತ್ತು ವರ್ಷದ ಹಿಂದಿಗಿಂತ ಸುಧಾರಿಸಿದೆಯೋ ಹದಗೆಟ್ಟಿದೆಯೋ ಎಂದು ಯಾರಾದರೂ ಕೇಳಿದರೆ ಆ ಅಕ್ಷರಗಳನ್ನು ಸಾಲಾಗಿ ಜೋಡಿಸಿ ನೋಡಿಯೂ ಉತ್ತರ ಹೇಳಲಾಗದು.

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮನೆ ಜೋಗುಪಾಳ್ಯದಲ್ಲಿ. ಕೆರೆಯ ಬಗ್ಗೆ ಈ ಊರಿನಲ್ಲಿ ನಡೆಯುವ ಮಾತುಕತೆ ನೀರಿನ ಬಣ್ಣ, ನೊರೆ, ವಾಸನೆ, ಬೇಲಿ, ವಾಕಿಂಗ್ ಪಾತ್‌ಗಳ ಸುತ್ತಲೇ ತಿರುಗುತ್ತದೆ. ತಳದಲ್ಲಿ, ಹೂಳಿನೊಳಗೆ ಯಾರು ಬದುಕಿದ್ದಾರೆ ಎಂದು ಕೇಳುವವರು ಅಪರೂಪ. ಕೆರೆಯ ಆರೋಗ್ಯ ತಿಳಿಯಬೇಕಾದರೆ ವರ್ಷಕ್ಕೆ ಎರಡು ಸಲವಾದರೂ ಆ ತಳದ ಜೀವಿಗಳನ್ನು ಎಣಿಸಬೇಕು, ಆ ಎಣಿಕೆಯನ್ನು ನೀರಿನ ಅಕ್ಷರದ ಪಕ್ಕದಲ್ಲೇ ಪ್ರಕಟಿಸಬೇಕು ಎಂಬುದು ನನ್ನ ಒತ್ತಾಯ.

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆ. ಬೆರಳು ಚುಚ್ಚಿ ನೋಡಿದರೆ ಆ ಹೊತ್ತಿನ ಸಕ್ಕರೆ ಮಾತ್ರ ಗೊತ್ತಾಗುತ್ತದೆ. ಪರೀಕ್ಷೆಯ ದಿನ ಉಪವಾಸ ಮಾಡಿದರೆ ಅದೂ ಚೆನ್ನಾಗಿಯೇ ಬರುತ್ತದೆ. ಡಾಕ್ಟರು ಅದಕ್ಕೇ ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಬಾಟಲಿಯ ನೀರು ಬೆರಳು ಚುಚ್ಚಿದ ಲೆಕ್ಕದ್ದು. ತಳದ ಹುಳುಗಳು ಎದ್ದು ಓಡಿಹೋಗುವಂಥವಲ್ಲ. ಕೆಲವಕ್ಕೆ ಕೆಲವು ವಾರದ ಆಯುಸ್ಸು, ಕೆಲವಕ್ಕೆ ತಿಂಗಳುಗಳದು, ಕಪ್ಪೆಚಿಪ್ಪಿನ ಜೀವಿಗಳಿಗೆ ವರ್ಷಗಳದು. ರಾತ್ರಿ ಯಾರೋ ಟ್ಯಾಂಕರಿನಲ್ಲಿ ತಂದು ಸುರಿದದ್ದು, ಭಾನುವಾರ ಉಕ್ಕಿದ ಮ್ಯಾನ್‌ಹೋಲು, ಹಬ್ಬದ ವಾರದ ಬಣ್ಣ, ಎಲ್ಲವನ್ನೂ ಅವು ಇದ್ದಲ್ಲೇ ಇದ್ದು ಅನುಭವಿಸಿರುತ್ತವೆ. ತಾಳಿಕೊಂಡವು ಉಳಿದಿರುತ್ತವೆ, ತಾಳದವು ಹೋಗಿರುತ್ತವೆ.

ಆಮ್ಲಜನಕದ ವಿಷಯವನ್ನೇ ನೋಡಿ. ಪಾಚಿ ಹಸಿರುಗಟ್ಟಿದ ಕೆರೆಯಲ್ಲಿ ಬಿಸಿಲೇರಿದಂತೆ ಆಮ್ಲಜನಕ ಏರುತ್ತದೆ, ಏಕೆಂದರೆ ಪಾಚಿ ಹಗಲಿನಲ್ಲಿ ಅದನ್ನು ತಯಾರಿಸುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಅದರ ಜೊತೆಗೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ, ಎಲ್ಲ ಸೇರಿ ಆಮ್ಲಜನಕ ಖರ್ಚು ಮಾಡುತ್ತವೆ. ಬೆಳಗಿನ ಜಾವದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಹಗಲು ಹನ್ನೊಂದು ಗಂಟೆಗೆ ತುಂಬಿದ ಬಾಟಲಿಯಲ್ಲಿ ಲೀಟರಿಗೆ 4 ಮಿಲಿಗ್ರಾಂಗಿಂತ ಹೆಚ್ಚು ಸಿಕ್ಕಿ, ಪಿಎಚ್ಚು, ಅಮೋನಿಯಾ ಮಿತಿಯೊಳಗಿದ್ದರೆ ಕೆರೆ ಡಿ ದರ್ಜೆಗೆ ಪಾಸು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೆನ್ಸಿಂಗ್ಟನ್ ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಓಡಾಡಬೇಕಾಯಿತು. ಊರೆಲ್ಲ ಅದನ್ನು ಒಂದು ರಾತ್ರಿಯ ಅನಾಹುತ ಎಂದು ನೋಡಿತು. ಕೆರೆ ಹಾಗೆ ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ. ಉಸಿರು ಮೊದಲು ಕಟ್ಟುವುದು ತಳದಲ್ಲಿ. ಅಲ್ಲಿ ಒಂದೊಂದೇ ಜಾತಿ ಕಾಣೆಯಾಗುತ್ತಾ ಬರುತ್ತದೆ, ಮೀನಿನ ಸರದಿ ಬರುವುದು ಕೊನೆಗೆ.

ನಾನು ಕೆಲಸದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಇದನ್ನು ತೋರಿಸುತ್ತಿದ್ದೆ. ಸಲಕರಣೆ ದೊಡ್ಡದೇನಲ್ಲ. ಎಕ್‌ಮನ್ ಪೆಟ್ಟಿಗೆ ಎಂದು ಒಂದಿದೆ. ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಸ್ವೆನ್ ಎಕ್‌ಮನ್ ನೂರು ವರ್ಷಕ್ಕೂ ಹಿಂದೆ ರೂಪಿಸಿದ್ದು. ಹಗ್ಗ ಕಟ್ಟಿ ಇಳಿಬಿಟ್ಟರೆ ತಳದ ಕೆಸರನ್ನು ಎರಡು ದವಡೆಯ ನಡುವೆ ಕಚ್ಚಿಕೊಂಡು ಬರುತ್ತದೆ. ಕಾಲೇಜಿಗೆ ಬಂದ ಅನುದಾನದಲ್ಲಿ ಹೊಸದು ಕೊಳ್ಳಲಾಗದೆ, ಚಿತ್ರ ತೋರಿಸಿ ಶಿವಾಜಿನಗರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ, ಬಿಳಿ ಟ್ರೇ, ಚಿಮುಟ, ಕೈಮಸೂರ, ಅಷ್ಟೇ. ಕಾಲುವೆ ಬಂದು ಸೇರುವ ಬಾಯಿಯಲ್ಲಿ ಎತ್ತಿದ ಕೆಸರು ಮಸಿಯಂತೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಜರಡಿಯಲ್ಲಿ ತೊಳೆದರೆ ಉಳಿಯುತ್ತಿದ್ದದ್ದು ಕೂದಲೆಳೆಯಂಥ ಕೆಂಪು ಹುಳುಗಳ ಗಂಟು. ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿನ ಆಹಾರವೆಂದು ಮಾರುತ್ತಾರಲ್ಲ, ಆ ಟ್ಯೂಬಿಫೆಕ್ಸ್. ತಲೆ ಕೆಸರಿನಲ್ಲಿ ಹೂತು, ಬಾಲವನ್ನು ನೀರಿನಲ್ಲಿ ಆಡಿಸುತ್ತಾ ಇರುವಷ್ಟು ಆಮ್ಲಜನಕವನ್ನು ಹೀರಿಕೊಳ್ಳುವ ಹುಳು ಅದು. ದ್ವೀಪಗಳ ಕಡೆ, ಕಾಲುವೆಯಿಂದ ದೂರದಲ್ಲಿ ಎತ್ತಿದಾಗ ಕೈರೊನೊಮಸ್ ನೊಣದ ಕೆಂಪು ಮರಿಗಳು, ಕೆಲವು ಬಸವನಹುಳು, ಅದೃಷ್ಟವಿದ್ದ ದಿನ ಜೊಂಡಿನ ಬುಡದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ. ಒಂದೇ ಕೆರೆ, ಒಂದೇ ಬೆಳಿಗ್ಗೆ.

ಕೈರೊನೊಮಸ್ ಮರಿಯ ಕೆಂಪು ನಮ್ಮ ರಕ್ತದ ಕೆಂಪೇ. ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಕೀಟಗಳಲ್ಲಿ ಬಹಳ ಅಪರೂಪದ ಸಂಗತಿ. ಆಮ್ಲಜನಕ ತೀರಾ ಕಡಿಮೆಯಿದ್ದಲ್ಲೂ ಅದು ಬದುಕುವುದು ಅದರಿಂದ. ಮಕ್ಕಳು ಇದನ್ನು ಪುಸ್ತಕದಲ್ಲಿ ಓದಿ ಮರೆತಿರುತ್ತಿದ್ದರು. ಟ್ರೇಯಲ್ಲಿ ನೋಡಿದವರು ಮರೆಯುತ್ತಿರಲಿಲ್ಲ. ಇನ್ನೂ ಒಂದು ಮಾತಿದೆ. ಹೂಳಿನಲ್ಲಿ ಭಾರಲೋಹ ಅಥವಾ ವಿಷ ಸೇರಿದ್ದರೆ ಈ ಮರಿಗಳ ಬಾಯಿಯ ಹಲ್ಲುಪಟ್ಟಿ ವಿಕಾರವಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹಲ್ಲು ಮುರಿದಂತೆ, ಒಂದು ಕೊರೆದಂತೆ, ಎರಡು ಕೂಡಿಕೊಂಡಂತೆ ಕಾಣುತ್ತದೆ. ಇಂಥ ವಿಕಾರ ನೂರಕ್ಕೆ ಎಷ್ಟು ಮರಿಗಳಲ್ಲಿದೆ ಎಂದು ಎಣಿಸಿ ಹೂಳಿನ ವಿಷವನ್ನು ಅಂದಾಜು ಮಾಡುವ ಕ್ರಮ ಜಗತ್ತಿನ ಹಲವು ಕಡೆ ಬಳಕೆಯಲ್ಲಿದೆ. ಸಣ್ಣ ಕೈಗಾರಿಕೆಗಳ ನೀರನ್ನೂ ದಶಕಗಳ ಕಾಲ ಕುಡಿದ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಈ ಒಂದು ಎಣಿಕೆ ಎಷ್ಟು ಹೇಳೀತು ಎಂದು ಯೋಚಿಸುತ್ತೇನೆ.

ಇದು ನನ್ನ ಕಲ್ಪನೆಯ ಯೋಜನೆಯೇನಲ್ಲ. ಕೊಳಚೆ ಸೇರಿದ ನದಿಯಲ್ಲಿ ಎಷ್ಟು ದೂರಕ್ಕೆ ಯಾವ ಜೀವಿ ಎಂದು ಪಟ್ಟಿ ಮಾಡುವುದನ್ನು ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸೋನ್ 1908ರ ಹೊತ್ತಿಗೇ ಶುರು ಮಾಡಿದ್ದರು. ಬ್ರಿಟನ್ನಿನವರು 1970ರ ದಶಕದಲ್ಲಿ ಪ್ರತಿ ಕುಟುಂಬಕ್ಕೂ ಅಂಕ ಕೊಟ್ಟರು: ತೀರಾ ಶುದ್ಧ ನೀರು ಬೇಡುವ ಕೀಟಗಳಿಗೆ 10, ಏರೋಪ್ಲೇನ್ ಚಿಟ್ಟೆಯ ಮರಿಗೆ 8, ಕೆರೆಯಲ್ಲಿ ಸಾಮಾನ್ಯವಾಗಿ ಸಿಗುವ ಬಸವನಹುಳುಗಳಿಗೆ 3, ಕೈರೊನೊಮಸ್ ಕುಟುಂಬಕ್ಕೆ 2, ಟ್ಯೂಬಿಫೆಕ್ಸ್ ಸೇರಿದ ಗುಂಪಿಗೆ 1. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಇದನ್ನು ಒಗ್ಗಿಸಿಕೊಂಡು ಜೈವಿಕ ಅಳತೆಗೋಲೊಂದನ್ನು ಮಾಡಿಟ್ಟಿದೆ. ಅದರಲ್ಲೂ ಎ ಇಂದ ಇ ವರೆಗೆ ಐದು ದರ್ಜೆ. ಶುದ್ಧಕ್ಕೆ ನೀಲಿ, ತೀವ್ರ ಮಾಲಿನ್ಯಕ್ಕೆ ಕೆಂಪು. ಯಾವ ಕುಟುಂಬಗಳಿವೆ, ಎಷ್ಟು ಬಗೆ ಇವೆ, ಎರಡನ್ನೂ ನೋಡಿ ಬಣ್ಣ ಕೊಡಬೇಕು. ಸರ್ಕಾರದ್ದೇ ಕೋಲು. ಹಲಸೂರಿನ ತಿಂಗಳ ಅಕ್ಷರದ ಪಕ್ಕ ಆ ಬಣ್ಣವನ್ನು ನಾನು ಕಂಡಿಲ್ಲ, ಕಾಣಬೇಕು ಎಂದು ಕೇಳುತ್ತಿದ್ದೇನೆ.

ಈ ವಿದ್ಯೆ ಹದಗೊಂಡದ್ದು ಅಳಿವೆಗಳಲ್ಲಿ, ಸಮುದ್ರದ ತೋಳುಗಳಲ್ಲಿ. ಸ್ಕಾಟ್ಲೆಂಡ್ ಮತ್ತು ಸ್ವೀಡನ್ನಿನಲ್ಲಿ ಕಾಗದದ ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದ್ದ ಕಡಲತೋಳುಗಳ ಕೆಸರನ್ನು ವರ್ಷಗಟ್ಟಲೆ ಅಗೆದು ನೋಡಿದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ಒಂದು ಕ್ರಮ ತೋರಿಸಿದರು. ಕೊಳಕು ಹೆಚ್ಚಿದಂತೆ ಮೊದಲು ದೊಡ್ಡ, ನಿಧಾನವಾಗಿ ಬೆಳೆಯುವ, ಆಳಕ್ಕೆ ಬಿಲ ತೋಡುವ ಪ್ರಾಣಿಗಳು ಹೋಗುತ್ತವೆ. ಆಮೇಲೆ ಸಣ್ಣ, ಬೇಗ ಮರಿ ಹಾಕುವ ಒಂದೆರಡು ಜಾತಿ ಲೆಕ್ಕವಿಲ್ಲದಷ್ಟು ತುಂಬಿಕೊಳ್ಳುತ್ತವೆ. ಇನ್ನೂ ಹೆಚ್ಚಿದರೆ ಏನೂ ಇರುವುದಿಲ್ಲ. ತ್ಯಾಜ್ಯ ನಿಲ್ಲಿಸಿದರೆ ತಳದ ಜೀವ ಇದೇ ಮೆಟ್ಟಿಲುಗಳನ್ನು ಹಿಂದುಮುಂದಾಗಿ ಹತ್ತಿ ಬರುತ್ತದೆ. 2000ದಲ್ಲಿ ಸ್ಪೇನಿನ ಬಾಸ್ಕ್ ತೀರದ ಆಂಜೆಲ್ ಬೊರ್ಹಾ ಮತ್ತು ಸಂಗಡಿಗರು ತಳದ ಪ್ರಾಣಿಗಳನ್ನು ಸೂಕ್ಷ್ಮದಿಂದ ಮೊಂಡಿನವರೆಗೆ ಐದು ಗುಂಪು ಮಾಡಿ, ಅಳಿವೆಯ ಆರೋಗ್ಯವನ್ನು ಒಂದೇ ಅಂಕಿಯಲ್ಲಿ ಹೇಳುವ ಸೂಚ್ಯಂಕ ಕಟ್ಟಿದರು. ಯುರೋಪಿನ ದೇಶಗಳು ತಮ್ಮ ನೀರಿನ ಕಾನೂನಿನಡಿ ಇಂಥ ಸೂಚ್ಯಂಕಗಳನ್ನು ಬಳಸುತ್ತವೆ. ನೀರು ಮಾತ್ರ ಚೆನ್ನಾಗಿದ್ದರೆ ಸಾಲದು, ತಳದ ಜೀವವೂ ಚೆನ್ನಾಗಿರಬೇಕು ಎಂಬುದು ಅಲ್ಲಿ ಕಾನೂನಿನ ಮಾತು. ನಮ್ಮ ಕರಾವಳಿಯಲ್ಲಿ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅಲ್ಲಿ ಚಿಪ್ಪಿಕಲ್ಲು ಆಯುವ ಹೆಂಗಸರಿಗೆ ತಳದ ಜೀವಿ ಎಂದರೆ ಅಂದಿನ ಅನ್ನ. ಚಿಪ್ಪಿ ಕಡಿಮೆಯಾದರೆ ಅವರಿಗೆ ಯಾವ ವರದಿಯೂ ಬೇಕಿಲ್ಲ.

ಇದರ ವಿರುದ್ಧ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ದಿನಕ್ಕೆರಡು ಸಲ ಹೊಯ್ದಾಡುತ್ತವೆ. ಮಾಲಿನ್ಯವೇ ಇಲ್ಲದಿದ್ದರೂ ಅಲ್ಲಿ ಇರುವುದು ಗಟ್ಟಿಜೀವಗಳೇ, ಬಗೆಗಳೂ ಕಡಿಮೆ. ಹಾಗಾಗಿ ಆರೋಗ್ಯವಾಗಿರುವ ಅಳಿವೆಯೂ ಸೂಚ್ಯಂಕದ ಕಣ್ಣಿಗೆ ಕೊಳಕಾಗಿ ಕಾಣಬಹುದು. ನಮ್ಮ ಕೆರೆಗಳದ್ದೂ ಅಂಥದೇ ಪಾಡು. ಇವು ಹೊಳೆಗಳಲ್ಲ, ತೂಬು, ಕೋಡಿ ಇಟ್ಟು ಮನುಷ್ಯರು ಕಟ್ಟಿದ ನಿಂತ ನೀರು. ತಳ ಮೆತ್ತನೆಯ ಗೋಡು, ಹಿಂದೆಲ್ಲ ಬೇಸಿಗೆಯಲ್ಲಿ ಅರ್ಧ ಒಣಗುತ್ತಿದ್ದವು. ಮಲೆನಾಡಿನ ಹಳ್ಳದ ಕಲ್ಲಿನಡಿ ಸಿಗುವ ಹತ್ತು ಅಂಕದ ಕೀಟ ಹಲಸೂರಿನಲ್ಲಿ ಎಂದೂ ಇದ್ದಿರಲಾರದು. ನದಿಗೆಂದು ಮಾಡಿದ ಕೋಲನ್ನು ಹಾಗೇ ತಂದು ಕೆರೆಗೆ ಹಿಡಿದರೆ ಎಲ್ಲ ಕೆರೆಗೂ ಕೆಂಪೇ ಬಂದು, ಯಾರಿಗೂ ಉಪಯೋಗವಾಗದು. ಅದಕ್ಕೆ ಪರಿಹಾರವೂ ಇದೆ. ಒಳಚರಂಡಿ ಇನ್ನೂ ಸೋಕದ, ಬರೀ ಮಳೆನೀರಿನ ಕೆರೆಗಳು ಬಯಲುಸೀಮೆಯಲ್ಲಿ ಎಲ್ಲಿ ಉಳಿದಿವೆಯೋ ಹುಡುಕಿ, ಅವುಗಳ ತಳದಲ್ಲಿ ಏನಿದೆ ಎಂದು ಮೊದಲು ಬರೆದಿಡಬೇಕು. ಕಪ್ಪೆಚಿಪ್ಪು ಎಷ್ಟು ಬಗೆ, ಏಡಿ ಇದೆಯೇ, ಯಾವ ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳೆಷ್ಟು. ನಮ್ಮ ಕೆರೆಗೆ ನೂರಕ್ಕೆ ನೂರು ಎಂದರೆ ಆ ಪಟ್ಟಿ. ಹಲಸೂರನ್ನು ಅಳೆಯಬೇಕಾದದ್ದು ಅದರ ಪಕ್ಕದಲ್ಲಿಟ್ಟು. ಅಂಥ ಕೆರೆಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ಪಟ್ಟಿ ಮಾಡುವ ಕೆಲಸಕ್ಕೆ ಕಾಯಲು ಹೊತ್ತಿಲ್ಲ.

ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ ಕೂತವರಿಗೆ ಅಳಿವೆಯ ಉಸಾಬರಿ ಏಕೆ ಎನ್ನುವವರು ನೀರಿನ ದಾರಿ ಹಿಡಿದು ನಡೆಯಲಿ. ಜಯಮಹಲ್ ಕಡೆಯಿಂದ ಇಳಿದ ನೀರು ಹಲಸೂರಿಗೆ, ಅಲ್ಲಿಂದ ದೊಮ್ಮಲೂರು, ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರಿಗೆ, ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ಕೆ.ಆರ್.ಪುರಂ ಕಡೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ನೀರೂ ಸೇರುವುದು ಅದೇ ನದಿಯನ್ನು. ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಎದ್ದಾಗ ತಮಿಳುನಾಡಿನ ರೈತರು ಬೈಯುವುದು ನಮ್ಮನ್ನು. ತೆನ್‌ಪೆಣ್ಣೈ ಎಂಬ ಹೆಸರಿನಲ್ಲಿ ಆ ನದಿ ಕಡಲೂರಿನ ಹತ್ತಿರ ಬಂಗಾಳಕೊಲ್ಲಿ ಸೇರುತ್ತದೆ. ಹಲಸೂರಿನ ಚರಂಡಿಗೂ ಒಂದು ಅಳಿವೆ ಇದೆ. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಬೆಂಕಿ ಆರಿಸಲು ಸೈನಿಕರು ಬಂದರು. ಆ ಹೂಳಿನಲ್ಲಿ ಏನು ಉಳಿದಿದೆ ಎಂದು ಆಗಲೂ ಯಾರೂ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಇದೇ ಕಣಿವೆಯ ಸಂಸ್ಕರಿಸಿದ ನೀರನ್ನು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಅದೇ ವರ್ಷ ನೊರೆ ಕಾಣಿಸಿ ವಿಷಯ ಹೈಕೋರ್ಟಿಗೆ ಹೋಯಿತು. ಒಣಗಿ ಬಿರಿದಿದ್ದ ಕೆರೆಗಳಲ್ಲಿ ನೀರು ನೋಡಿದ ರೈತರ ಸಂತೋಷವನ್ನು ನಾನು ಕಡೆಗಣಿಸುವುದಿಲ್ಲ. ನನ್ನ ತವರು ಆ ಕಡೆಯದೇ. ಆದರೆ ಪರವಾಗಿ ವಾದಿಸಿದವರ ಬಾಯಲ್ಲೂ ವಿರುದ್ಧ ವಾದಿಸಿದವರ ಬಾಯಲ್ಲೂ ನಾನು ಕೇಳಿದ್ದು ಬಾಟಲಿಯ ಅಂಕಿಗಳನ್ನೇ. ಇವರು ತುಂಬಿದ ಬಾಟಲಿ ಒಂದು ಹೇಳಿದರೆ ಅವರು ತುಂಬಿದ್ದು ಇನ್ನೊಂದು. ಇಷ್ಟು ವರ್ಷ ಹರಿದ ಮೇಲೆ ಆ ಕೆರೆಗಳ ತಳದಲ್ಲಿ ಕಪ್ಪೆಚಿಪ್ಪು ಹುಟ್ಟಿದೆಯೋ, ಬರೀ ಕೆಂಪು ಹುಳುವೋ? ಇವತ್ತೇ ಹೋಗಿ ಎತ್ತಿ ನೋಡಬಹುದಾದ ಸಾಕ್ಷಿ ಅದು, ಯಾವ ಪಕ್ಷದ್ದೂ ಅಲ್ಲದ ಸಾಕ್ಷಿ.

ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕೆಲಸ. ನೀರು ಖಾಲಿ ಮಾಡಿ, ಜೆಸಿಬಿ ಇಳಿಸಿ, ಮೂಲೆ ಮೂಲೆಯ ಹೂಳು ಬಳಿದು, ಬಟ್ಟಲಿನಂತೆ ನುಣ್ಣಗೆ ಮಾಡಿ, ಸುತ್ತ ಕಲ್ಲು ಕಟ್ಟಿ ಬೇಲಿ ಹಾಕುತ್ತಾರೆ. ಹಿಂದೆ ರೈತರೂ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತಿದ್ದರು. ಗಾಡಿ ಕಟ್ಟಿಕೊಂಡು ಬಂದು, ಒಣಗಿದ ಅಂಚಿನಲ್ಲಿ ಬೇಕಾದಷ್ಟು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ನಡುವಿನ ಗುಂಡಿಯಲ್ಲಿ ನೀರು ನಿಂತಿರುತ್ತಿತ್ತು, ಮುಂದಿನ ಮಳೆಗೆ ಬೇಕಾದ ಬೀಜಜೀವವೂ ಅದರಲ್ಲಿ ಉಳಿದಿರುತ್ತಿತ್ತು. ಈಗ ಇಡೀ ತಳವನ್ನೇ ಒಂದು ಸಲಕ್ಕೆ ಲಾರಿಗೆ ಹೇರುತ್ತೇವೆ. ಕೊಳೆತ ಹೂಳು ಹೋಗಬೇಕು ನಿಜ, ಅದರಲ್ಲಿ ಕೂತ ರಂಜಕ ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುತ್ತದೆ. ಆದರೆ ಯಾವ ಭಾಗ ಸತ್ತಿದೆ, ಯಾವ ಭಾಗದಲ್ಲಿ ಇನ್ನೂ ಜೀವ ಇದೆ ಎಂದು ನೋಡದೆ ಎಲ್ಲವನ್ನೂ ಎತ್ತುವುದು ತಪ್ಪು. ಕೆರೆಯಲ್ಲಿ ಬಲೆ ಹಾಕುತ್ತಿದ್ದ ಹಿರಿಯರೊಬ್ಬರು ನಮ್ಮ ಟ್ರೇ ನೋಡಿ ಹೇಳಿದ್ದರು: ‘ಕೆಳಗೆ ಹುಳ ಇದ್ರೆ ತಾನೆ ಮೇಡಂ ಮೀನು ನಿಲ್ಲೋದು? ಜಿಲೇಬಿ ಮೀನು ಬಿಡಿ, ಅದು ಎಲ್ಲಾದ್ರೂ ಬದುಕುತ್ತೆ. ಕೊರವ ಬೇಕು ಅಂದ್ರೆ ತಳ ಚೆನ್ನಾಗಿರಬೇಕು.’

ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೆ ನನ್ನ ಉತ್ತರ ಕಾಲೇಜುಗಳು. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಒಳ್ಳೆಯ ನಿರ್ಧಾರ, ಕಪ್ಪೆಗಳ ಮೇಲೆ ಅಷ್ಟು ಹಿಂಸೆ ಬೇಕಿರಲಿಲ್ಲ. ಆದರೆ ಆಮೇಲೆ ಎಷ್ಟೋ ಪ್ರಾಣಿಶಾಸ್ತ್ರದ ಪ್ರಯೋಗಾಲಯಗಳಲ್ಲಿ ಗೋಡೆಯ ಚಿತ್ರಪಟ, ಕಂಪ್ಯೂಟರಿನ ಚಿತ್ರ ಬಿಟ್ಟರೆ ಮಕ್ಕಳ ಕೈಗೆ ಏನೂ ಸಿಗುತ್ತಿಲ್ಲ. ಆ ಮೇಜುಗಳ ಮೇಲೆ ಬಿಳಿ ಟ್ರೇ ಇಡಲಿ. ಕುಟುಂಬದ ಮಟ್ಟಕ್ಕೆ ಗುರುತಿಸುವುದನ್ನು ಕೆಲವೇ ವಾರಗಳಲ್ಲಿ ಕಲಿಸಬಹುದು. ಜಾತಿಯ ಹೆಸರು ಬೇಕಿಲ್ಲ. ಎಣಿಸಿದ ಮಾದರಿಯಲ್ಲಿ ಒಂದಷ್ಟನ್ನು ಮಂಡಳಿಯ ವಿಜ್ಞಾನಿಗಳು ಮತ್ತೆ ನೋಡಿ ಸರಿಪಡಿಸಲಿ. ಹೀಗೆ ಮಾಡಿದರೆ ಮಂಡಳಿಗೆ ಹೊಸ ಸಿಬ್ಬಂದಿಯ ಹೊರೆಯೂ ಹೆಚ್ಚಾಗದು.

ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳಾಗಿವೆ. ಹಲಸೂರು ಕೇಂದ್ರದ್ದು, ಬೆಳ್ಳಂದೂರು, ಕೆ.ಆರ್.ಪುರಂ ಪೂರ್ವದ್ದು. ನೀರಿಗೆ ಈ ಗಡಿ ಗೊತ್ತಿಲ್ಲ, ಆದ್ದರಿಂದ ಅಳತೆಯೂ ಎರಡು ಕಡೆ ಒಂದೇ ಆಗಿರಬೇಕು. ಹೂಳೆತ್ತುವ ಯಾವ ಟೆಂಡರಿಗೂ ಮೊದಲು ತಳದ ಎಣಿಕೆ ಪ್ರಕಟವಾಗಬೇಕು, ಕೆಲಸ ಮುಗಿದ ಒಂದು ವರ್ಷಕ್ಕೆ ಮತ್ತೊಮ್ಮೆ ಆಗಬೇಕು, ಗುತ್ತಿಗೆದಾರರ ಕೊನೆಯ ಕಂತು ಆ ಎರಡನೆಯ ಎಣಿಕೆಯ ನಂತರವೇ ಹೋಗಬೇಕು. ಹಲಸೂರಿನಿಂದಲೇ ಶುರುವಾಗಲಿ: ಕಾಲುವೆಗಳ ಬಾಯಿ, ಕೆನ್ಸಿಂಗ್ಟನ್ ರಸ್ತೆಯ ಕಡೆ, ಮದ್ರಾಸ್ ಸ್ಯಾಪರ್ಸ್‌ನವರ ಕಡೆ, ದ್ವೀಪಗಳ ಅಂಚು, ಗಣೇಶನನ್ನು ಬಿಡುವ ಕಲ್ಯಾಣಿಯ ಪಕ್ಕ. ಒಮ್ಮೆ ಫೆಬ್ರವರಿಯಲ್ಲಿ, ಬಿಸಿಲೇರುವ ಮೊದಲು. ಒಮ್ಮೆ ನವೆಂಬರಿನಲ್ಲಿ, ಮಳೆ ನಿಂತ ಮೇಲೆ. ಕೆ.ಆರ್.ಪುರಂ ಕಡೆಯ ಕಾಲೇಜಿನವರು ವೆಂಗಯ್ಯನ ಕೆರೆಯನ್ನು ವಹಿಸಿಕೊಳ್ಳಲಿ. ಟ್ರೇ ಹಿಡಿದು ಕಲಿಸಲು ನಾನೂ ಬರುತ್ತೇನೆ, ನನ್ನಂಥ ನಿವೃತ್ತ ಮೇಷ್ಟ್ರುಗಳು ಈ ಭಾಗದಲ್ಲಿ ಇನ್ನೂ ಇದ್ದಾರೆ. ಶಿವಾಜಿನಗರದಲ್ಲಿ ಮಾಡಿಸಿದ ಪೆಟ್ಟಿಗೆಯ ದವಡೆಯ ಸ್ಪ್ರಿಂಗ್ ಸಡಿಲವಾಗಿದೆ, ಅದನ್ನು ಸರಿ ಮಾಡಿಸಿಕೊಂಡು ಬರುವ ಜವಾಬ್ದಾರಿ ನನ್ನದು.